ಬೂದು ಗೆರೆ ಅಂದರೆ ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ

ನಿನ್ನೆ ಸಂಜೆ ಕೆಲಸ ಕೊಟ್ಟವರಿಂದ ಒಂದು ಮೇಲ್ ಬಂತು. ಮೂರು ವಾರ ಕೂತು ಮಾಡಿದ ಇನ್ಫೋಗ್ರಾಫಿಕ್‌ಗೆ ಒಂದೇ ಸಾಲಿನ ತಿದ್ದುಪಡಿ: 'ಆ ಬೂದು ಗೆರೆಗಳು ಗಲೀಜಾಗಿ ಕಾಣ್ತಿವೆ, ತಿಳಿ ಹಳದಿ ಮಾಡಿಬಿಡಿ.'

ಮಾಡಿ'ಬಿಡಿ'ಯಂತೆ. ಎಷ್ಟು ಸಲೀಸು ನೋಡಿ.

ನನ್ನ ಕೆಲಸ ನಿಮಗೆಲ್ಲ ಗೊತ್ತಲ್ಲ. ಹಸಿವು, ಅಪೌಷ್ಟಿಕತೆ ಬಗ್ಗೆ ಬರುವ ದಪ್ಪ ದಪ್ಪ ವರದಿಗಳನ್ನು ಒಂದು ಪುಟದ ಚಿತ್ರ ಮಾಡಿಕೊಡುವುದು. ಈ ಸಲದ ನಕ್ಷೆ ಐದು ವರ್ಷದೊಳಗಿನ ಮಕ್ಕಳ ಕೃಶತೆಯದ್ದು. ಅಂದರೆ ಎತ್ತರಕ್ಕೆ ತಕ್ಕ ತೂಕ ಇಲ್ಲದ ಮಕ್ಕಳು ಎಲ್ಲೆಲ್ಲಿ ಎಷ್ಟಿದ್ದಾರೆ ಅನ್ನೋದು. ತಿಳಿ ಹಳದಿ ಅಂದರೆ ಶೇ. 2.5ಕ್ಕಿಂತ ಕಡಿಮೆ, ತಲೆಬಿಸಿ ಇಲ್ಲ. ಕಡು ಕೆಂಪು ಅಂದರೆ ಶೇ. 15 ಅಥವಾ ಅದಕ್ಕಿಂತ ಜಾಸ್ತಿ. ಬೂದು ಗೆರೆ ಅಂದರೆ ಅಲ್ಲಿ ಇತ್ತೀಚೆಗೆ ಯಾರೂ ಮಕ್ಕಳನ್ನು ಅಳೆದಿಲ್ಲ.

ಅಳೆದಿಲ್ಲ ಅನ್ನೋದನ್ನು 'ಚೆನ್ನಾಗಿದೆ' ಅನ್ನೋ ಬಣ್ಣಕ್ಕೆ ತಿರುಗಿಸು ಅಂತಾರೆ. ಸುಳ್ಳು ಹೇಳು ಅಂತ ನೇರವಾಗಿ ಹೇಳಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಚೆನ್ನಾಗಿ ಕಾಣಲಿ ಅಂತ ಹೇಳಿದ್ದಕ್ಕೆ ಬಂತು.

ಅಳೆಯೋದು ಅಂದರೆ ಏನು ಅಂತ ಇವರಿಗೆ ಗೊತ್ತಿದೆಯಾ? ತಕ್ಕಡಿ ಬೇಕು, ಎತ್ತರ ಅಳೆಯೋ ಹಲಗೆ ಬೇಕು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ಅದು ಕಾಲು ಝಾಡಿಸುತ್ತೆ, ಕಿರುಚುತ್ತೆ. ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮೊಣಕಾಲು ನೇರ ಮಾಡಿ ಅಳತೆ ಓದಬೇಕು. ಅಷ್ಟೂ ಆಗದಿದ್ದರೆ ತೋಳಿಗೆ ಸುತ್ತುವ ಪಟ್ಟಿ ಇದೆ. 115 ಮಿಲಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ತೀವ್ರ ಅಪೌಷ್ಟಿಕತೆ. ಒಮ್ಮೆ ನಿಮ್ಮ ಹೆಬ್ಬೆರಳು, ತೋರುಬೆರಳು ಸೇರಿಸಿ ಒಂದು ಉಂಗುರ ಮಾಡಿ ನೋಡಿ. ಹೆಚ್ಚುಕಮ್ಮಿ ಅಷ್ಟೇ ದಪ್ಪದ ತೋಳು.

ಆ ಪಟ್ಟಿ ಹಿಡಿದುಕೊಂಡು ಅಲ್ಲಿಗೆ ಯಾರಾದರೂ ಹೋಗಬೇಕಲ್ಲ. ಗುಂಡು ಹಾರುವ ಕಡೆ, ರಸ್ತೆ ಮುಚ್ಚಿದ ಕಡೆ, ಒಳಗೆ ಬಿಡದ ಕಡೆ ಯಾರು ಹೋಗ್ತಾರೆ? ಎಷ್ಟೋ ಕಡೆ ಹಸಿವು ಜಾಸ್ತಿ ಆಗೋದಕ್ಕೂ ಲೆಕ್ಕ ಸಿಗದೇ ಇರೋದಕ್ಕೂ ಕಾರಣ ಒಂದೇ. ನಕ್ಷೆಯ ಖಾಲಿ ಜಾಗವೇ ಅತಿ ಕೆಟ್ಟ ಜಾಗ ಆಗಿರಬಹುದು. ಅದಕ್ಕೇ ಹೋಗಿ ತಿಳಿ ಹಳದಿ ಬಳಿಯಬೇಕಂತೆ.

ಇದು ನನ್ನ ಕಲ್ಪನೆ ಅಲ್ಲ. 2025ರ ಆಗಸ್ಟ್‌ನಲ್ಲಿ ಐಪಿಸಿ, ಅದೇ ಹಸಿವನ್ನು ಐದು ಹಂತದಲ್ಲಿ ಅಳೆಯೋ ವ್ಯವಸ್ಥೆ, ಗಾಜಾ ಗವರ್ನರೇಟ್‌ನಲ್ಲಿ, ಅಂದರೆ ಗಾಜಾ ನಗರ ಇರೋ ಜಿಲ್ಲೆಯಲ್ಲಿ, ಕ್ಷಾಮ ಇದೆ ಅಂತ ಘೋಷಿಸಿತು. ಪಕ್ಕದಲ್ಲೇ ಇರೋ ಉತ್ತರ ಗಾಜಾಕ್ಕೆ ಯಾವ ಹಂತವನ್ನೂ ಕೊಡಲಿಲ್ಲ. ಯಾಕೆ? ಸಾಕಷ್ಟು ಮಾಹಿತಿ ಸಿಗಲಿಲ್ಲ. ಅಲ್ಲಿನ ಪರಿಸ್ಥಿತಿ ಅಷ್ಟೇ ಕೆಟ್ಟದಾಗಿರಬಹುದು, ಇಲ್ಲಾ ಇನ್ನೂ ಕೆಟ್ಟದಾಗಿರಬಹುದು ಅಂತ ಅವರೇ ಬರೆದರು. ನಮ್ಮ ಮೇಲ್ ಮಹಾಶಯರ ಕೈಗೆ ಆ ನಕ್ಷೆ ಸಿಕ್ಕಿದ್ದರೆ ಉತ್ತರ ಗಾಜಾ ತಿಳಿ ಹಳದಿ ಆಗಿ ನಗ್ತಾ ಕೂತಿರ್ತಿತ್ತು.

ಇನ್ನು ಕ್ಷಾಮ ಅನ್ನೋ ಐದನೇ ಹಂತಕ್ಕೆ ಸಾವಿನ ಲೆಕ್ಕವೂ ಬೇಕು. ದಿನಕ್ಕೆ 10,000 ಜನರಲ್ಲಿ ಕನಿಷ್ಠ ಇಬ್ಬರು. ಸತ್ತವರನ್ನು ಎಣಿಸಲು ಬದುಕಿರುವವರು ಬೇಕು, ಕೇಳಲು ಹೋಗುವವರು ಬೇಕು. ಬಿಡಿ, ಇದನ್ನು ಯೋಚಿಸುತ್ತಾ ಕೂತರೆ ಕೆಲಸ ಆಗಲ್ಲ.

'ಜನ ಫೋನಲ್ಲಿ ಎರಡು ಸೆಕೆಂಡು ನೋಡ್ತಾರೆ, ಸಿಂಪಲ್ ಇರಬೇಕು' ಅನ್ನೋ ವಾದ ನನಗೂ ಗೊತ್ತು. ಹದಿನೈದು ಬಣ್ಣ, ನಾಲ್ಕು ಥರ ಗೆರೆ, ಕೆಳಗೆ ಇರುವೆ ಸಾಲಿನಂಥ ಅಡಿಟಿಪ್ಪಣಿ ಹಾಕೋರನ್ನು ಕಂಡರೆ ನನಗೂ ಆಗಲ್ಲ. ಆದರೆ ಎರಡೇ ಸೆಕೆಂಡು ನೋಡೋದಾದರೆ ಆ ಎರಡು ಸೆಕೆಂಡಾದರೂ ನಿಜ ಕಾಣಲಿ, ಅಲ್ವಾ? 'ಇಲ್ಲಿನ ಲೆಕ್ಕ ಸಿಕ್ಕಿಲ್ಲ' ಅನ್ನೋದರಲ್ಲಿ ಅರ್ಥ ಆಗದೇ ಇರೋದು ಏನಿದೆ?

ಇದೇ ಸಿಂಪಲ್ ಹುಚ್ಚಿಗೆ ಇನ್ನೊಂದು ಪುಟವೂ ಬಲಿಯಾಯಿತು. ವಿಶ್ವಸಂಸ್ಥೆಯ ವರದಿ ಪ್ರಕಾರ 2024ರಲ್ಲಿ ಹಸಿದಿದ್ದವರು ಆಫ್ರಿಕಾದಲ್ಲಿ ಸುಮಾರು 30.7 ಕೋಟಿ, ಅಂದರೆ ಐವರಲ್ಲಿ ಒಬ್ಬರಿಗಿಂತ ಜಾಸ್ತಿ. ಏಷ್ಯಾದಲ್ಲಿ ಶೇ. 6.7 ಅಷ್ಟೇ, ಆದರೆ ತಲೆ ಎಣಿಸಿದರೆ 32.3 ಕೋಟಿ. ಶೇಕಡಾ, ತಲೆ ಲೆಕ್ಕ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೆ. 'ಒಂದೇ ನಂಬರ್ ಸಾಕು' ಅಂದರು. ಶೇಕಡಾ ಉಳಿಯಿತು, 32 ಕೋಟಿ ಜನ ತಿಳಿ ಬಣ್ಣದೊಳಗೆ ಮಾಯ.

ಇಷ್ಟು ಹಾರಾಡೋ ನಾನೇನು ಸಾಚಾ ಅಲ್ಲ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶೀಟ್ ಬಂದಿತ್ತು. ಖಾಲಿ ಇದ್ದ ಕಾಲಂಗಳನ್ನು ಗಮನಿಸದೆ ಹಾಗೇ ನಕ್ಷೆ ಮಾಡೋ ಸಾಫ್ಟ್‌ವೇರ್‌ಗೆ ಎಳೆದು ಹಾಕಿದೆ. ಸಾಫ್ಟ್‌ವೇರ್ ಖಾಲಿ ಕಂಡ ಕಡೆಯೆಲ್ಲ ಸೊನ್ನೆ ತುಂಬಿತು. ಸೊನ್ನೆ ಅಂದರೆ ಒಂದು ಮಗುವೂ ಕೃಶವಾಗಿಲ್ಲ! ನಕ್ಷೆ ಅಚ್ಚಾಯಿತು, ಹಂಚಿದ್ದೂ ಆಯಿತು. ವಾರ ಕಳೆದ ಮೇಲೆ ಆ ಕಡೆ ಕೆಲಸ ಮಾಡಿ ಬಂದಿದ್ದ ಒಬ್ಬರು ಫೋನ್ ಮಾಡಿದರು. ಬೈಯಲಿಲ್ಲ. 'ಅಲ್ಲಿ ಮಕ್ಕಳೇ ಇಲ್ಲ ಅಂದ್ಕೊಂಡ್ರಾ?' ಅಂತ ಕೇಳಿದರು. ಬೈದಿದ್ದರೆ ಮರೆತುಬಿಡ್ತಿದ್ದೆನೋ ಏನೋ. ಅವತ್ತಿನಿಂದ ನಾನು ಮೊದಲು ಹಾಕೋ ಬಣ್ಣವೇ ಬೂದು.

ರಾತ್ರಿ ಹನ್ನೊಂದಕ್ಕೆ ಫೈಲ್ ವಾಪಸ್ ಕಳಿಸಿದೆ. ಗೆರೆಗಳನ್ನು ಒಂಚೂರು ತೆಳು ಮಾಡಿದ್ದೇನೆ, ಕಣ್ಣಿಗೆ ಚುಚ್ಚದ ಹಾಗೆ. ಪಕ್ಕದಲ್ಲಿ ಇದ್ದ 'ಮಾಹಿತಿ ಇಲ್ಲ' ತೆಗೆದು 'ಇಲ್ಲಿನ ಮಕ್ಕಳನ್ನು ಅಳೆಯಲು ಆಗಿಲ್ಲ' ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಫೈಲಿನ ಹೆಸರು 'ಫೈನಲ್ 9'. ನೋಡಿದ್ದಾರೆ, ಉತ್ತರ ಬಂದಿಲ್ಲ.