ಪರ-ವಿರೋಧ: 14 ಚುನಾವಣೆ, ಐದೇ ಸಂಸದರು

1952ರಿಂದ 2004ರ ತನಕ ಧಾರವಾಡ ಉತ್ತರ ಲೋಕಸಭಾ ಕ್ಷೇತ್ರ 14 ಸಾರ್ವತ್ರಿಕ ಚುನಾವಣೆ ಕಂಡಿತು. ಗೆದ್ದವರು ಬರೀ ಐದು ಜನ. ಡಿ.ಪಿ. ಕರಮರಕರ್ ಎರಡು ಸಲ, ಸರೋಜಿನಿ ಮಹಿಷಿ ನಾಲ್ಕು ಸಲ, ಡಿ.ಕೆ. ನಾಯ್ಕರ್ ನಾಲ್ಕು ಸಲ, ವಿಜಯ ಸಂಕೇಶ್ವರ ಮೂರು ಸಲ, ಪ್ರಲ್ಹಾದ ಜೋಶಿ ಒಂದು ಸಲ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ 'ಉತ್ತರ' ಹೋಗಿ ಬರೀ 'ಧಾರವಾಡ' ಉಳಿಯಿತು. ಗೆದ್ದವರನ್ನೇ ಮತ್ತೆ ಮತ್ತೆ ಗೆಲ್ಲಿಸಿದ್ದು ಹುಬ್ಬಳ್ಳಿ-ಧಾರವಾಡಕ್ಕೆ ಒಳ್ಳೆಯದಾಯಿತೇ?

ಪರ: ಕೆಲಸಕ್ಕೆ ಕಾಲ ಬೇಕು

ಪರವಾಗಿ ಬರೆಯಿರಿ ಎಂದು ನನಗೆ ಹೇಳಿದರು. ಎಲ್ಲವನ್ನೂ ಒಪ್ಪಿಕೊಂಡೇ ಬರೆಯುತ್ತಿದ್ದೇನೆ ಎಂದು ಹೇಳಲಾರೆ. ಆದರೆ ನಾನು ಹಾವೇರಿಯವಳು. ಸಂಸದರು ಪದೇ ಪದೇ ಬದಲಾದರೆ ಏನಾಗುತ್ತದೆ ಎಂಬುದನ್ನು ಮನೆಯಲ್ಲೇ ನೋಡಿದ್ದೇನೆ.

ನಮ್ಮದು ಆಗ ಧಾರವಾಡ ದಕ್ಷಿಣ ಕ್ಷೇತ್ರ. ಎಫ್.ಎಚ್. ಮೊಹಸಿನ್ 1962ರಿಂದ ಸತತ ಐದು ಸಲ ಗೆದ್ದರು. ಅವರ ಕಾಲ ಮುಗಿದ ಮೇಲೆ 1984ರಲ್ಲಿ ಅಜೀಜ್ ಸೇಠ್, 1989 ಮತ್ತು 1991ರಲ್ಲಿ ಬಿ.ಎಂ. ಮುಜಾಹಿದ್, 1996ರಲ್ಲಿ ಐ.ಜಿ. ಸನದಿ, 1998ರಲ್ಲಿ ಲೋಕಶಕ್ತಿಯ ಬಿ.ಎಂ. ಮೆಣಸಿನಕಾಯಿ, 1999ರಲ್ಲಿ ಮತ್ತೆ ಸನದಿ, 2004ರಲ್ಲಿ ಮಂಜುನಾಥ ಕುನ್ನೂರ.

ನಮ್ಮ ಅಪ್ಪ ಮತ್ತು ಅವರ ಗೆಳೆಯರು ಒಂದು ರೈಲು ನಿಲ್ಲಿಸಿಕೊಡಿ ಎಂದು ಮನವಿ ಹಿಡಿದು ಓಡಾಡುತ್ತಿದ್ದರು. ಹಾವೇರಿಯಲ್ಲಿ ಗಣ್ಯರಿಗೆ ಹಾಕುವುದು ಯಾಲಕ್ಕಿ ಹಾರವೇ. ಅಪ್ಪ ಅಂಗಡಿಗೆ ಹೋಗಿ, ಕೂತು, ಹಾರ ಕಟ್ಟಿಸಿಕೊಂಡು ಬರುವರು. ಮನೆ ತುಂಬ ಯಾಲಕ್ಕಿ ಘಮ. 1996ರಲ್ಲಿ ಒಂದು ಹಾರ, 98ರಲ್ಲಿ ಒಂದು, 99ರಲ್ಲಿ ಒಂದು. ಮನವಿ ಮಾತ್ರ ಅದೇ. ಮೇಲಿನ ಹೆಸರು ಬದಲಿಸಿ ನಾನೇ ಮತ್ತೆ ಬರೆದು ಕೊಡುತ್ತಿದ್ದೆ, ನನ್ನ ಅಕ್ಷರ ದುಂಡಗಿದೆ ಅಂತ. ಯಾರೂ ಬೇಡ ಅನ್ನಲಿಲ್ಲ. ಎಲ್ಲರೂ ಮರ್ಯಾದೆಯಿಂದ ಕೂರಿಸಿ ಮಾತಾಡಿಸಿದರು. ಆದರೆ ಕಡತ ಒಂದು ಟೇಬಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಲೋಕಸಭೆಯೇ ವಿಸರ್ಜನೆ ಆಗುತ್ತಿತ್ತು. ಅಪ್ಪ ಮತ್ತೆ ಮೊದಲಿನಿಂದ ಪರಿಚಯ ಹೇಳಿಕೊಳ್ಳಬೇಕು.

ಧಾರವಾಡ ಉತ್ತರದವರಿಗೆ ಈ ತೊಂದರೆ ಇರಲಿಲ್ಲ. ಕರಮರಕರ್ ನೆಹರೂ ಸರ್ಕಾರದಲ್ಲಿ ಆರೋಗ್ಯ ಖಾತೆ ನೋಡಿಕೊಂಡರು. ರಾಜ್ಯದ ಮೊದಲ ಮಹಿಳಾ ಸಂಸದೆ ಎಂದು ಹೆಸರಾದ ಮಹಿಷಿ ಇಂದಿರಾ ಸರ್ಕಾರದಲ್ಲಿ ಮಂತ್ರಿಯಾದರು. ಕನ್ನಡಿಗರಿಗೆ ಉದ್ಯೋಗ ಅಂದಾಗಲೆಲ್ಲ ಇವತ್ತಿಗೂ ಅವರ ವರದಿಯ ಹೆಸರು ಬರುತ್ತದೆ. ಅಷ್ಟು ತೂಕ ಒಂದೇ ಅವಧಿಯಲ್ಲಿ ಬರುತ್ತಾ? ರೈಲ್ವೆ ವಲಯದ್ದೂ ಹಾಗೇ. 1996ರಲ್ಲಿ ನೈರುತ್ಯ ರೈಲ್ವೆ ಘೋಷಣೆಯಾದಾಗ ಕೇಂದ್ರ ಕಚೇರಿ ಬೆಂಗಳೂರಿಗೆ ಎಂದಿತ್ತು. 2003ರ ಏಪ್ರಿಲ್ 1ರಂದು ವಲಯ ಶುರುವಾದಾಗ ಅದು ಹುಬ್ಬಳ್ಳಿಯಲ್ಲಿತ್ತು. ಆ ಏಳು ವರ್ಷವೂ ಇಲ್ಲಿಯ ಸಂಸದರು ಒಬ್ಬರೇ.

ಜನ ಕಣ್ಣು ಮುಚ್ಚಿ ಮತ ಹಾಕಿದರು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 1984ರ ಡಿಸೆಂಬರಿನಲ್ಲಿ ಇಲ್ಲಿ ಲೋಕಸಭೆಗೆ ಕಾಂಗ್ರೆಸ್ ಗೆದ್ದಿತು. ಮೂರೇ ತಿಂಗಳಿಗೆ, 1985ರ ಮಾರ್ಚಿನಲ್ಲಿ, ಹುಬ್ಬಳ್ಳಿ ಗ್ರಾಮೀಣದ ಜನ ವಿಧಾನಸಭೆಗೆ ಜನತಾ ಪಕ್ಷದ ಎಸ್.ಆರ್. ಬೊಮ್ಮಾಯಿಯವರನ್ನು ಕಳಿಸಿದರು. ದಿಲ್ಲಿಗೆ ಯಾರು, ಬೆಂಗಳೂರಿಗೆ ಯಾರು ಎಂಬುದು ಅವರಿಗೆ ಗೊತ್ತಿತ್ತು.

ಒಬ್ಬರೇ ಇದ್ದರೆ ಹೊಸಬರಿಗೆ ದಾರಿ ಸಿಗುವುದಿಲ್ಲ ಎಂಬ ಮಾತಿನಲ್ಲಿ ನಿಜವಿದೆ. ಮಹಿಷಿಯವರ ನಂತರ ಈ ಕ್ಷೇತ್ರದಿಂದ ಇನ್ನೊಬ್ಬ ಮಹಿಳೆ ಗೆದ್ದಿಲ್ಲ ಎಂಬುದು ನನಗೂ ಚುಚ್ಚುತ್ತದೆ. ಆದರೂ ಅಪ್ಪನ ಆ ಮೂರು ಹಾರ ನೆನೆದರೆ, ಒಬ್ಬರನ್ನೇ ಉಳಿಸಿಕೊಂಡ ಪಕ್ಕದ ಊರಿನವರು ತಪ್ಪು ಮಾಡಿದರು ಎನ್ನಲು ಮನಸ್ಸು ಬರುವುದಿಲ್ಲ.

ವಿರೋಧ: ಸೋಲುವ ಭಯ ಎಲ್ಲಿತ್ತು?

ನಾನು ಈ ಐವರಲ್ಲಿ ಯಾರನ್ನೂ ಬೈಯಲು ಕೂತಿಲ್ಲ. ನನ್ನ ತಕರಾರು ನಮ್ಮ ಮೇಲೆ, ಮತ ಹಾಕಿದವರ ಮೇಲೆ. ಗೆಲ್ಲುವುದು ಖಚಿತ ಎಂದು ಗೊತ್ತಿದ್ದರೆ ಯಾರು ತಾನೆ ನಮ್ಮ ಮಾತು ಕೇಳುತ್ತಾರೆ? ರಾಜಕಾರಣಿಗೆ ಸೋಲುವ ಭಯ ಇರಬೇಕು. ಧಾರವಾಡ ಉತ್ತರದಲ್ಲಿ ಆ ಭಯವೇ ಇರಲಿಲ್ಲ.

ಲೆಕ್ಕ ನೋಡಿ. 1952ರಿಂದ 1991ರವರೆಗೆ ಹತ್ತು ಚುನಾವಣೆ, ಹತ್ತೂ ಕಾಂಗ್ರೆಸ್ಸಿಗೆ. 1996ರಿಂದ 2004ರವರೆಗೆ ನಾಲ್ಕು, ನಾಲ್ಕೂ ಬಿಜೆಪಿಗೆ. ಕ್ಷೇತ್ರದ ಹೆಸರು ಬದಲಾದ ಮೇಲೆ 2009, 2014, 2019, 2024. ಅವೂ ಬಿಜೆಪಿಗೇ, ಅದೂ ಒಬ್ಬರೇ ಅಭ್ಯರ್ಥಿಗೆ. 72 ವರ್ಷ, 18 ಚುನಾವಣೆ, ಒಂದೇ ಒಂದು ತಿರುವು! 1977ರಲ್ಲಿ ತುರ್ತು ಪರಿಸ್ಥಿತಿಯ ಸಿಟ್ಟಿಗೆ ಇಂದಿರಾ ಗಾಂಧಿಯವರೇ ರಾಯ್ ಬರೇಲಿಯಲ್ಲಿ ಸೋತರು. ಉತ್ತರ ಭಾರತ ಅಲ್ಲಾಡಿ ಹೋಯಿತು. ಕರ್ನಾಟಕ ಮಾತ್ರ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತು, ನಮ್ಮದೂ ಅದರಲ್ಲಿ ಒಂದು.

ಇನ್ನು ಆ ತಿರುವು. ಕಿತ್ತೂರು ಚೆನ್ನಮ್ಮ ವೃತ್ತದ ಪಕ್ಕದ ಈದ್ಗಾ ಮೈದಾನದ ಗಲಾಟೆ, 1994ರ ಆಗಸ್ಟ್ 15ರ ಗೋಲಿಬಾರು ಆದ ಮೇಲೆ ಬಂದ ಚುನಾವಣೆ 1996ರದು. ಊರು ಕುದಿಯುತ್ತಿದ್ದಾಗ ಒಂದು ಸಲ ಹೊರಳಿದೆವು. ನೀರು, ರೈಲು, ಕೆಲಸ ಎಂದು ಕೇಳಿ, ತೂಗಿ ನೋಡಿ ಹೊರಳಿದ್ದಲ್ಲ. ಹೊರಳಿದ ಮೇಲೆ ಆ ಮಗ್ಗುಲಲ್ಲೇ ಮಲಗಿದೆವು. ಪಕ್ಷ ಬದಲಾಯಿತು, ರೂಢಿ ಬದಲಾಗಲಿಲ್ಲ.

ರೈಲ್ವೆ ವಲಯ ತಂದದ್ದು ದೀರ್ಘ ಅವಧಿಯ ಸಂಸದರು ಅನ್ನುತ್ತಾರೆ. ಅಲ್ಲ. ಅದು ಬೀದಿಯಿಂದ ಬಂತು. ಅಂಗಡಿ ಬಾಗಿಲು ಹಾಕಿದವರು, ಹಳಿ ಮೇಲೆ ಕೂತವರು, ಎಲ್ಲ ಪಕ್ಷದವರೂ ಸೇರಿ ತಂದದ್ದು. ಆಗ ದಿಲ್ಲಿಗೆ ಭಯ ಹುಟ್ಟಿತು, ಅದಕ್ಕೇ ಬಂತು. ಹುಬ್ಬಳ್ಳಿ-ಅಂಕೋಲಾ ಮಾರ್ಗದ ಕಥೆ ನೋಡಿ. 1990ರ ದಶಕದಲ್ಲೇ ಮಂಜೂರಾದದ್ದು. ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆ ದೊಡ್ಡದು, ಒಪ್ಪುತ್ತೇನೆ. ಆದರೆ ಆಗುತ್ತದೋ ಇಲ್ಲವೋ ಎಂಬ ನೇರ ಉತ್ತರವಾದರೂ ಬೇಕಲ್ವಾ? ಅದನ್ನು ಕೇಳಿ ಮತ ಹಾಕಿದವರು ಎಷ್ಟು ಜನ? ಇವತ್ತಿಗೂ ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಹೋಗಿಲ್ಲ.

ಮತದಾರ ಜಾಣ, ಅವನಿಗೆ ಎಲ್ಲ ಗೊತ್ತು ಎಂದು ಹೇಳುವವರಿದ್ದಾರೆ. ಮದುವೆ ಮನೆಯಲ್ಲಿ ಬೀಗರನ್ನು ಹೊಗಳುವ ಹಾಗೆ ಇದು. ಹೊಗಳಿದ ಮಾತ್ರಕ್ಕೆ ಸಾರಿಗೆ ಉಪ್ಪು ಬೀಳುವುದಿಲ್ಲ. ನಾನು ಮತಗಟ್ಟೆ ಒಳಗೇ ಕೂತು ನೋಡಿದವನು.

1989ರ ನವೆಂಬರ್. ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ. ನಾನಾಗ ಶಾಲೆ ಮಾಸ್ತರ. ಹಳೇ ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ನನಗೆ ಡ್ಯೂಟಿ ಬಿದ್ದಿತ್ತು. ಲೋಕಸಭೆಗೆ ಬಿಳಿ ಚೀಟಿ, ವಿಧಾನಸಭೆಗೆ ಗುಲಾಬಿ ಚೀಟಿ. ಚೀಟಿಯನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಚಿ, ಬಿಚ್ಚಿ ಕೊಡುವುದು ನನ್ನ ಕೆಲಸ. ಅದೇ ಗೆರೆಗೆ ಮಡಚಿದರೆ ಶಿಕ್ಕಾದ ಹಸಿ ಶಾಯಿ ಇನ್ನೊಬ್ಬರ ಗುರುತಿಗೆ ಅಂಟುವುದಿಲ್ಲ.

ಬೆಳಗ್ಗೆಯಿಂದ ಒಂದನ್ನು ಗಮನಿಸುತ್ತಿದ್ದೆ. ಸಾಲಿನಲ್ಲಿ ನಿಂತವರ ಗುಸುಗುಸು ಎಲ್ಲ ಗುಲಾಬಿ ಚೀಟಿಯದೇ. ರಟ್ಟಿನ ಮರೆಯ ಹಿಂದೆ ನಿಂತವರ ಕಾಲು ನನಗೆ ಕಾಣುತ್ತಿತ್ತು. ಒಂದು ಶಿಕ್ಕಾ ಟಪ್ ಅಂತ ಕೂಡಲೇ ಬೀಳುವುದು. ಇನ್ನೊಂದಕ್ಕೆ ಕಾಲು ಅತ್ತಿತ್ತ ಆಡುವುದು, ತಡವಾಗುವುದು.

ಮಧ್ಯಾಹ್ನ ಒಬ್ಬ ಅಜ್ಜಿ ಬಂದಳು. ಇಳಕಲ್ ಸೀರೆ, ಕೈಯಲ್ಲಿ ಚಪ್ಪಲಿ. ಎರಡೂ ಚೀಟಿ ಇಸಿದುಕೊಂಡು ನನ್ನನ್ನೇ ನೋಡಿ ಅಂದಳು: "ತಮ್ಮಾ, ಬಿಳೀದು ಬಿಡಪಾ, ಅದು ಯಾವಾಗ್ಲೂ ಹೊಡಿಯೂದು ಗೊತ್ತಿದ್ದದ್ದ ಐತಿ. ಈ ಗುಲಾಬೀದಕ್ಕ ಸ್ವಲ್ಪ ವಿಚಾರ ಮಾಡ್ಬೇಕು. ಒಂದೀಟು ಹೊತ್ತು ನಿಂತರ ನಡೀತೈತೇನು?"

"ನಿಂದರ್ರಿ ಯವ್ವಾ, ಅವಸರ ಇಲ್ಲ" ಎಂದೆ. ಅದಕ್ಕಿಂತ ಹೆಚ್ಚು ಮಾತಾಡುವ ಹಾಗಿರಲಿಲ್ಲ. ಟಪ್ ಎಂದು ಮೊದಲನೆಯದು ಬಿತ್ತು. ಎರಡನೆಯದಕ್ಕೆ ಎಷ್ಟು ಹೊತ್ತು ನಿಂತಳೆಂದರೆ ಹಿಂದಿನವರು ಗೊಣಗಲು ಶುರು ಮಾಡಿದರು. ಆ ಅಜ್ಜಿ ದಡ್ಡಿ ಅಲ್ಲ. ಶಾಸಕನನ್ನು ಬದಲಿಸಬಹುದು ಎಂದು ಅವಳಿಗೆ ಗೊತ್ತಿತ್ತು. ಸಂಸದರನ್ನೂ ಬದಲಿಸಬಹುದು ಎಂಬುದನ್ನು ಅವಳಿಗೆ ಈ ಊರು ಕಲಿಸಿರಲಿಲ್ಲ.

ಸಂಜೆ ಪೆಟ್ಟಿಗೆಗೆ ಅರಗು ಹಾಕಿ, ಸಹಿ ಮಾಡಿಸಿಕೊಂಡು, ಕತ್ತಲಾದ ಮೇಲೆ ಬಸ್ ಹತ್ತಿದೆವು. ಪೆಟ್ಟಿಗೆ ನಮ್ಮ ಕಾಲ ಹತ್ತಿರ. ಬೇರೆ ಬೇರೆ ಮತಗಟ್ಟೆಯ ಮಾಸ್ತರರು, ಗುಮಾಸ್ತರು ಎಲ್ಲ ಒಂದೇ ಬಸ್ಸಿನಲ್ಲಿ. ವಿಧಾನಸಭೆಗೆ ಯಾರು ಬರುತ್ತಾರೆ ಎಂದು ದಾರಿಯುದ್ದಕ್ಕೂ ವಾದ, ಪಂದ್ಯ, ನಗು. ಲೋಕಸಭೆಯ ಬಗ್ಗೆ ಆ ಬಸ್ಸಿನಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.