ಮ್ಯಾಂಡರ್ ಮನೆತನದ ದುಡ್ಡು ಮತ್ತು ವಾರ್ನಿಷ್

ಇಂಗ್ಲೆಂಡಿನ ಉದ್ಯಮಿ ಥಿಯೋಡರ್ ಮ್ಯಾಂಡರ್ 1887ರಲ್ಲಿ ವೈಟ್‌ವಿಕ್ ಮ್ಯಾನರ್ ಎಂಬ ಬಂಗಲೆ ಕಟ್ಟಿಸಿದ್ದು ಬಣ್ಣ ಮಾರಿದ ದುಡ್ಡಲ್ಲಿ, ಅದೂ ಎಣ್ಣೆಗೆ ಪುಡಿ ಕಲಸುವ ಸಲೀಸಾದ ದಂಧೆ ಅಂತ ಈ ಮನೆತನದ ಬಗೆಗಿನ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ; ಆ ಮಾತು ಒಪ್ಪಲಾಗದು. ವುಲ್ವರ್‌ಹ್ಯಾಂಪ್ಟನ್ ಊರಿನ ಮ್ಯಾಂಡರ್ ಕಂಪನಿಗೆ ಹೆಸರು ತಂದಿದ್ದರಲ್ಲಿ ವಾರ್ನಿಷ್ ಪಾಲು ದೊಡ್ಡದು. ಅದನ್ನು ಮಾಡಲು ಕೋಪಲ್ ಎಂಬ, ಮರದಿಂದ ಬರುವ ಗಟ್ಟಿ ಅಂಟನ್ನು ತಾಮ್ರದ ಪಾತ್ರೆಯಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಸಬೇಕು. ತೂಕದಲ್ಲಿ ಹೆಚ್ಚುಕಮ್ಮಿ ಕಾಲುಭಾಗ ಹೊಗೆಯಾಗಿ ಹೋಗದಿದ್ದರೆ ಅದು ಅಗಸೆ ಎಣ್ಣೆಯಲ್ಲಿ ಬೆರೆಯುವುದೇ ಇಲ್ಲ. ಎಣ್ಣೆಯೂ ಕಾದಿರಬೇಕು, ತಣ್ಣಗಿದ್ದರೆ ಅಂಟು ಗಂಟು ಕಟ್ಟುತ್ತದೆ. ತೆಳು ಮಾಡಲು ಟರ್ಪೆಂಟೈನ್ ಹಾಕುವ ಮುನ್ನ ಪಾತ್ರೆಯನ್ನು ಒಲೆಯಿಂದ ದೂರ ಒಯ್ದು ಆರಿಸಬೇಕು. ಅವಸರಪಟ್ಟರೆ ಶೆಡ್ಡೇ ಹೊತ್ತಿಕೊಂಡೀತು. ಇಷ್ಟಾದ ಮೇಲೂ ಸಾರೋಟಿಗೆ ಬಳಿಯುವ ವಾರ್ನಿಷ್ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ತಿಳಿಯಾಗಬೇಕಿತ್ತು. ಅಲ್ಲಿಯವರೆಗೆ ಹಾಕಿದ ಬಂಡವಾಳವೂ ಅದೇ ಟ್ಯಾಂಕಿನಲ್ಲಿ! ಕಂಪನಿ ನಿರ್ದೇಶಕರ ನಿಜವಾದ ತಲೆನೋವು ಅದು, ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.