ತೆರಿಗೆ ಮುರಿದುಕೊಂಡರೆ ಹೊಣೆ ಮುಗಿಯಿತೇ?

"ನಮ್ಮದಾದರೆ ಸಂಬಳ ಕೈಗೆ ಬರುವ ಮೊದಲೇ ಮುರಿದುಕೊಳ್ಳುತ್ತಾರೆ ಭಾವ, ನಿಮ್ಮದು ತೋರಿಸಿದ್ದೇ ಲೆಕ್ಕ" ಎಂದು ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಭಾವಮೈದ ಮೊನ್ನೆ ಊಟಕ್ಕೆ ಕುಳಿತಾಗ ಹೇಳಿದ. ಹನ್ನೊಂದು ವರ್ಷ ಸಂಬಳದ ಎಂಜಿನಿಯರ್ ಆಗಿದ್ದು, ಈಗ ಸ್ವಂತವಾಗಿ ಕಟ್ಟಡಗಳ ಸ್ಟ್ರಕ್ಚರಲ್ ಡಿಸೈನ್ ಮಾಡಿಕೊಡುವ ನಾನು ಎರಡೂ ದಡ ಕಂಡವನಾದ್ದರಿಂದ ಅವನ ಮಾತನ್ನು ತಳ್ಳಿಹಾಕಲಾರೆ, ಪೂರ್ತಿ ಒಪ್ಪಲೂ ಆರೆ.

2025–26ನೇ ಹಣಕಾಸು ವರ್ಷದ ಹೊಸ ತೆರಿಗೆ ಪದ್ಧತಿಯನ್ನೇ ನೋಡೋಣ. ಅವನ ಸಂಬಳ 18 ಲಕ್ಷವೆಂದುಕೊಂಡರೆ, ಸಂಬಳದವರಿಗೆಲ್ಲ ಸಿಗುವ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಸೆಸ್ ಸೇರಿ 1,50,800 ರೂಪಾಯಿ ತೆರಿಗೆ ಬರುತ್ತದೆ. ನಾನು ಅದೇ 18 ಲಕ್ಷದ ಬಿಲ್ ಮಾಡಿ, ಬೇರೆ ಆದಾಯವೇನೂ ಇಲ್ಲದೆ, ವೃತ್ತಿಪರರು ಖರ್ಚಿನ ಲೆಕ್ಕಪತ್ರ ಕೊಡದೆಯೇ ಆದಾಯ ತೋರಿಸಲು ಬಿಡುವ 44ಎಡಿಎ ಕಲಮಿನಡಿ ಬಿಲ್ಲಿನ ಅರ್ಧವನ್ನು ಆದಾಯವೆಂದು ತೋರಿಸಿದರೆ, 9 ಲಕ್ಷಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ. ಗ್ರಾಹಕರು ಶೇ. 10ರಂತೆ ಹಿಡಿದಿಟ್ಟ 1,80,000 ರೂಪಾಯಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಕೂಡ ರೀಫಂಡ್ ಆಗಿ ಬರುತ್ತದೆ. ನನ್ನ ಡ್ರಾಫ್ಟ್ಸ್‌ಮನ್ ಸಂಬಳ, ಸಾಫ್ಟ್‌ವೇರ್ ಲೈಸೆನ್ಸ್, ಆಫೀಸಿನ ಬಾಡಿಗೆ, ಸೈಟುಗಳಿಗೆ ಓಡಾಡುವ ಪೆಟ್ರೋಲ್ ಎಲ್ಲ ಸೇರಿ ಖರ್ಚು ಅರ್ಧದ ಹತ್ತಿರ ಹೋಗುತ್ತದೆ ನಿಜ. ಆದರೆ ಮನೆಯಲ್ಲೇ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ತಾಂತ್ರಿಕ ಸಲಹೆ ಕೊಡುವವರಿಗೆ ಅಷ್ಟು ಖರ್ಚೆಲ್ಲಿಯದು? ಅಲ್ಲಿ ಭಾವಮೈದನ ಸಿಟ್ಟು ನ್ಯಾಯವಾದದ್ದೇ.

ಅವನಿಗೆ ಕಾಣದಿರುವುದು ಇನ್ನೊಂದು ಮಗ್ಗುಲು. ನಾನು ಕೆಲಸ ಬಿಟ್ಟ ವರ್ಷ ಸಂಬಳದಿಂದಲೇ ಶೇ. 30ರ ಸ್ಲ್ಯಾಬ್, ಅಂದರೆ ತೆರಿಗೆ ದರದ ಹಂತ, ಮುಟ್ಟಿದ್ದೆ. ಉಳಿದ ತಿಂಗಳುಗಳಲ್ಲಿ 6 ಲಕ್ಷ ಫೀಸು ಬಂತು, 60,000 ರೂಪಾಯಿ ಟಿಡಿಎಸ್ ಹೋಯಿತು, ಅಲ್ಲಿಗೆ ಮುಗಿಯಿತೆಂದು ಹಾಯಾಗಿದ್ದೆ. ಜುಲೈನಲ್ಲಿ ರಿಟರ್ನ್ ತುಂಬಲು ಕುಳಿತಾಗ, ಫೀಸಿನ ಅರ್ಧವಾದ 3 ಲಕ್ಷಕ್ಕೆ 93,600 ರೂಪಾಯಿ ತೆರಿಗೆ ಎಂದು ತೆರೆ ತೋರಿಸಿತು. ಬಾಕಿ 33,600. ಟಿಡಿಎಸ್ ಕಳೆದು 10,000 ಅಥವಾ ಅದಕ್ಕಿಂತ ಹೆಚ್ಚು ಬಾಕಿ ಉಳಿಯುವುದಾದರೆ ವರ್ಷ ಮುಗಿಯುವ ಮೊದಲೇ ಮುಂಗಡ ತೆರಿಗೆ ಕಟ್ಟಬೇಕು, ನನ್ನಂಥವರು ಅದನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು ಎಂಬುದೇ ಗೊತ್ತಿರದ ತಪ್ಪಿಗೆ ತಿಂಗಳಿಗೆ ಶೇ. 1ರಂತೆ ಬಡ್ಡಿ ಬೇರೆ. ಲೆಕ್ಕಪತ್ರ ಇಟ್ಟು ನಿಜವಾದ ಲಾಭ ತೋರಿಸುವವರಾದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಎಂದು ನಾಲ್ಕು ಸಲ ಇದೇ ತಲೆಬಿಸಿ. ಹೆಚ್ಚು ವಿನಾಯಿತಿಗಳಿರುವ ಹಳೆಯ ತೆರಿಗೆ ಪದ್ಧತಿಯಿಂದ ಒಮ್ಮೆ ಹೊಸದಕ್ಕೆ ಮರಳಿದರೆ ವೃತ್ತಿಯ ಆದಾಯ ಇರುವವರೆಗೆ ಮತ್ತೆ ಹಿಂದಿರುಗುವಂತಿಲ್ಲ. ಸಂಬಳದವರಿಗಾದರೆ ವರ್ಷವರ್ಷವೂ ಆಯ್ಕೆಯುಂಟು.

ಇಷ್ಟೆಲ್ಲ ಕಂಪನಿಯೇ ನೋಡಿಕೊಳ್ಳುವುದರಿಂದಲೇ ಇರಬೇಕು, ತೆರಿಗೆಯ ಹೊಣೆ ಎಚ್‌ಆರ್‌ನವರದೆಂದು ಬಹಳ ನೌಕರರು ನಂಬಿದ್ದಾರೆ. ವರ್ಷದ ನಡುವೆ ಕೆಲಸ ಬದಲಿಸಿ ಹಳೆಯ ಸಂಬಳದ ವಿವರ ಕೊಡದಿದ್ದರೆ ಎರಡು ಕಂಪನಿಗಳೂ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯುತ್ತವೆ, ಎರಡೂ ಸ್ಲ್ಯಾಬನ್ನು ಸೊನ್ನೆಯಿಂದ ಶುರು ಮಾಡುತ್ತವೆ. ಸಂಬಳ ಮತ್ತು ಮುರಿದ ತೆರಿಗೆಯ ವಿವರವಿರುವ ಎರಡು ಫಾರ್ಮ್ 16 ಒಟ್ಟಿಗೆ ಇಟ್ಟಾಗ ಬಾಕಿ ಹೊರಬೀಳುತ್ತದೆ. ಹಳೆಯ ಪದ್ಧತಿಯಲ್ಲಿರುವ ಕೆಲವರು ಮನೆ ಬಾಡಿಗೆ ಭತ್ಯೆಯ (ಎಚ್‌ಆರ್‌ಎ) ವಿನಾಯಿತಿಗಾಗಿ ಅಪ್ಪನ ಹೆಸರಿನಲ್ಲಿ ಕೊಡದ ಬಾಡಿಗೆಗೆ ರಸೀದಿ ಬರೆಯುತ್ತಾರೆ. ಸಿಕ್ಕಿಬಿದ್ದರೆ ನೋಟಿಸು ಬರುವುದು ಕಂಪನಿಗಲ್ಲ, ಅವರ ಪ್ಯಾನ್‌ಗೆ. ಸುಳ್ಳು ಮಾಹಿತಿಗೆ ದಂಡ, ತಪ್ಪಿಸಿದ ತೆರಿಗೆಯ ಎರಡರಷ್ಟು.

ಊಟವಾದ ಮೇಲೆ ಭಾವಮೈದನ ಎಐಎಸ್, ಅಂದರೆ ಬ್ಯಾಂಕು-ಕಂಪನಿಗಳು ತೆರಿಗೆ ಇಲಾಖೆಗೆ ಕೊಟ್ಟ ಅವನ ಆದಾಯದ ಪಟ್ಟಿ, ತೆರೆಸಿ ನೋಡಿದೆವು. ಎಫ್‌ಡಿ ಬಡ್ಡಿಗೆ ಬ್ಯಾಂಕು ಶೇ. 10 ಮುರಿದಿತ್ತು, ಅವನಿರುವುದು ಶೇ. 20ರ ಸ್ಲ್ಯಾಬಿನಲ್ಲಿ. "ಇದನ್ನು ನಾನು ಯಾವತ್ತೂ ತೋರಿಸಿಯೇ ಇಲ್ಲವಲ್ಲ ಭಾವ" ಎಂದ. ತೋರಿಸಿದ್ದೇ ಲೆಕ್ಕ ಎಂಬ ಮಾತನ್ನು ಆಮೇಲೆ ಅವನು ಎತ್ತಲಿಲ್ಲ.